ಸ್ಪಷ್ಟನೆ: ಒಣ ಪ್ಲಾಸ್ಟಿಕ್ ಬೇರೆ ಇಡುವುದು ವ್ಯರ್ಥವಲ್ಲ

"ಗಾಡ್ಯಾಗ ಎಲ್ಲಾ ಕೂಡೇ ಹೋಗ್ತೈತಿ, ಮನ್ಯಾಗ ಪ್ಲಾಸ್ಟಿಕ್ ಬ್ಯಾರೆ ಮಾಡಿ ಏನ್ ಫಾಯ್ದೆ?" ಎಂಬ ಮಾತು ವಿಜಯಪುರದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಕಸ ಮನೆಯಲ್ಲೇ ಬೇರೆಯಾಗಬೇಕೆಂದು 2016ರಲ್ಲೇ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ಗಾಡಿಯಲ್ಲಿ ಕೂಡಿದರೂ, ಗಂಟು ಕಟ್ಟಿದ ಒಣಕಸದ ಚೀಲ ಕಸ ಆಯುವವರ ಕೈಗೆ ಸ್ವಚ್ಛವಾಗಿ ಸಿಗುತ್ತದೆ. ಸಾರು ಮೆತ್ತಿದ ಪ್ಲಾಸ್ಟಿಕ್ಕಿಗೆ ಬೆಲೆಯಿಲ್ಲ.

ಹಾಲಿನ ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಆ ಚೂರು ಗಟಾರ ಸೇರುತ್ತದೆ. ಅರ್ಧ ಸೀಳಿ ಹಾಲು ಸುರಿದ ಮೇಲೆ ಒಂದಿಷ್ಟು ನೀರು ಹಾಕಿ ಅಲುಗಿಸಿ, ಬೋರಲು ಹಾಕಿ ಒಣಗಿಸಿ. ತೇವ ಉಳಿದರೆ ಹುಳಿವಾಸನೆ ಬರುತ್ತದೆ, ಆಗ ಮನೆಯವರೇ ಹಸಿಕಸಕ್ಕೆ ಎಸೆದುಬಿಡುತ್ತಾರೆ. ಬೇರೆ ಇಡುವ ರೂಢಿ ಮುರಿಯುವುದು ಬಹಳ ಸಲ ಇಲ್ಲೇ, ಮನಸ್ಸಿಲ್ಲದ್ದಕ್ಕಲ್ಲ. ಚೀಲವನ್ನು ಹಿತ್ತಲಲ್ಲಿ ಇಡದೆ ಅಡುಗೆಮನೆಯ ಮೊಳೆಗೇ ನೇತುಹಾಕಿ. ಒಳಗೆ ಬೆಳ್ಳಿಹೊಳಪಿರುವ ಚಿಪ್ಸ್ ಪಾಕೀಟನ್ನು ಗುಜರಿಯವರು ಸಾಮಾನ್ಯವಾಗಿ ಒಯ್ಯುವುದಿಲ್ಲ. ಅದನ್ನೂ ಒಣಕಸದಲ್ಲೇ ಗಾಡಿಗೆ ಕೊಡಿ.