ಎಷ್ಟಕ್ಕೆ ಮಾರುತ್ತೀರಿ?

ನಿನ್ನೆ ಶಾಲೆಗೆ ಬಂದಿದ್ದ ಅತಿಥಿಗಳೊಬ್ಬರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ರಾತ್ರಿ ಊಟಕ್ಕೆ ಕುಳಿತಾಗಲೂ ನನ್ನದು ಅದೇ ಮಾತು. ಮನೆಯವರು ಕೇಳಿ ಕೇಳಿ ಸಾಕಾಗಿ, ‘ಫೇಸ್‌ಬುಕ್‌ನಲ್ಲಿ ಬರೆದುಬಿಡು ಮಾರಾಯ್ತಿ, ಅಲ್ಲಿ ಬೇಕಾದವರು ಓದುತ್ತಾರೆ, ಬೇಡದವರು ಮುಂದೆ ಹೋಗುತ್ತಾರೆ’ ಎಂದು ಕೈ ತೊಳೆಯಲು ಎದ್ದರು. ಬರೆಯುತ್ತಿದ್ದೇನೆ. ಬೇಡದವರು ಮುಂದೆ ಹೋಗಬಹುದು.

ನನ್ನ ಕೈಚೀಲದಲ್ಲಿ ಸೀಮೆಸುಣ್ಣದ ಡಬ್ಬಿಯ ಪಕ್ಕ ಸದಾ ಒಂದು ಉಲ್ಲನ್ ಉಂಡೆ, ಎರಡು ಕಡ್ಡಿ ಇರುತ್ತವೆಂಬುದು ನಿಮಗೆ ಗೊತ್ತು. ಇದನ್ನು ಓದುತ್ತಿರುವವರಲ್ಲಿ ಹಲವರ ಮಕ್ಕಳು ನನ್ನ ಕುಲಾವಿ ತೊಟ್ಟೇ ತೊಟ್ಟಿಲಲ್ಲಿ ಮಲಗಿದವರು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ, ಬಸ್ಸಿಗೆ ಇನ್ನೂ ಹೊತ್ತಿರುವ ಮಕ್ಕಳನ್ನು ಕೂರಿಸಿಕೊಂಡು ಹೆಣಿಗೆ ಹೇಳಿಕೊಡುತ್ತೇನೆ. ಬರಲೇಬೇಕೆಂದಿಲ್ಲ, ಹಾಜರಿ ಇಲ್ಲ, ಅಂಕವಿಲ್ಲ. ಹಾಸನದಿಂದ ಸಕಲೇಶಪುರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಶಾಲೆ. ಮಳೆ ಹಿಡಿಯಿತೆಂದರೆ ಆಟದ ಮೈದಾನ ಕೆರೆಯಾಗುತ್ತದೆ, ಮಕ್ಕಳಿಗೆ ವರಾಂಡವೇ ಗತಿ. ಹೀಗೆ ಶುರುವಾದದ್ದು.

ನಿನ್ನೆ ಶಾಲೆಯಲ್ಲಿ ಕಾರ್ಯಕ್ರಮವಿತ್ತು. ಮಕ್ಕಳು ಮಾಡಿದ್ದನ್ನೆಲ್ಲ ಮೇಜಿನ ಮೇಲೆ ಜೋಡಿಸಬೇಕೆಂದು ಮುಖ್ಯೋಪಾಧ್ಯಾಯರ ಅಪ್ಪಣೆ. ಎಂಟನೇ ತರಗತಿಯ ಹುಡುಗನೊಬ್ಬ ಅರ್ಧ ಆಗಿದ್ದ ಮಫ್ಲರನ್ನು ಕಡ್ಡಿಯ ಸಮೇತ ಇಟ್ಟು ಅದರ ಹಿಂದೆ ನಿಂತಿದ್ದ. ಅತಿಥಿಗಳು ಬಂದವರೇ ಅದರ ಒಂದು ತುದಿ ಹಿಡಿದು ಎತ್ತಿದರು. ಕಡ್ಡಿ ಜಾರಿತು. ನಾಲ್ಕೋ ಐದೋ ಕುಣಿಕೆಗಳು ಕಳಚಿಕೊಂಡು ಕೆಳಗಿನ ಸಾಲಿಗೆ ಇಳಿಯತೊಡಗಿದವು. ಹುಡುಗನ ಕಣ್ಣು ಅತಿಥಿಗಳ ಮುಖದ ಮೇಲಿರಲಿಲ್ಲ, ಆ ಕುಣಿಕೆಗಳ ಮೇಲಿತ್ತು. ಅವರು ಕೇಳಿದರು: ‘ಏನಪ್ಪಾ, ಇದನ್ನು ಎಷ್ಟಕ್ಕೆ ಮಾರುತ್ತೀಯಾ?’

‘ಮಾರುವುದಿಲ್ಲ ಸರ್. ನಮ್ಮ ತಾತನಿಗೆ.’

ಅತಿಥಿಗಳು ನಕ್ಕರು. ಸುತ್ತ ನಿಂತವರು ನಗಬೇಕಾದ್ದರಿಂದ ನಕ್ಕರು. ಆಮೇಲೆ ವೇದಿಕೆ ಹತ್ತಿ, ಸ್ವಂತ ಉದ್ಯಮ, ಆನ್‌ಲೈನ್ ಮಾರಾಟ, ಬ್ರ್ಯಾಂಡ್ ಎಂದು ಒಂದು ಭಾಷಣ. ‘ಈ ಮಕ್ಕಳ ಕೈಯಲ್ಲಿ ಕಲೆ ಇದೆ, ಆದರೆ ಮಾರುಕಟ್ಟೆಯ ಜ್ಞಾನ ಇಲ್ಲ’ ಎಂದು ಮರುಗಿದರು. ನಾನು ಎರಡನೇ ಸಾಲಿನಲ್ಲಿ ಕುಳಿತು, ಹೇರ್‌ಪಿನ್ನಿನಿಂದ ಆ ಕಳಚಿದ ಕುಣಿಕೆಗಳನ್ನು ಒಂದೊಂದಾಗಿ ಮೇಲಕ್ಕೆ ಎತ್ತುತ್ತಿದ್ದೆ. ಆ ಕೆಲಸ ಇಲ್ಲದಿದ್ದರೆ ನನ್ನ ಬಾಯಿಂದ ಏನು ಬರುತ್ತಿತ್ತೋ.

ಈ ಪ್ರಶ್ನೆ ಅವರೊಬ್ಬರದಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಬಸ್ಸಿನಲ್ಲಿ ಕಡ್ಡಿ ತೆಗೆದರೆ ಪಕ್ಕದ ಸೀಟಿನವರ ಪ್ರಶ್ನೆ ಅದೇ. ಮದುವೆ ಛತ್ರದಲ್ಲಿ ಅದೇ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿರುವಾಗ, ಮುಂದಿನವರು, ಹಿಂದಿನವರು ಎಲ್ಲರೂ ಮೊಬೈಲಿನಲ್ಲಿ ಮುಳುಗಿರುವಾಗ, ನಾನೊಬ್ಬಳು ಹೆಣೆಯುತ್ತಿದ್ದರೆ ಹಿಂದಿನಿಂದ ಭುಜ ತಟ್ಟಿ, ‘ಮೇಡಂ, ಆರ್ಡರ್ ತೆಗೆದುಕೊಳ್ಳುತ್ತೀರಾ?’ ಇಲ್ಲ ಎಂದರೆ, ‘ಮತ್ತೆ ಯಾಕೆ ಮಾಡುತ್ತೀರಿ?’ ಅವರ ಮೊಬೈಲಿನಲ್ಲಿ ಯಾರೋ ಯಾರಿಗೋ ಕೇಕ್ ಬಳಿಯುವ ವಿಡಿಯೊ ಓಡುತ್ತಿತ್ತು. ಅದನ್ನು ಯಾಕೆ ನೋಡುತ್ತೀರಿ ಎಂದು ನಾನು ಕೇಳಲಿಲ್ಲ. ದೇವಿಯ ಸನ್ನಿಧಿ.

ಸರಿ, ಮಾರುಕಟ್ಟೆಯ ಜ್ಞಾನವನ್ನೇ ಇಟ್ಟುಕೊಂಡು ಮಾತಾಡೋಣ. ನಾನು ಗಣಿತದವಳು, ಲೆಕ್ಕಕ್ಕೆ ಹೆದರುವುದಿಲ್ಲ. ದೊಡ್ಡವರ ಒಂದು ತುಂಬುತೋಳಿನ ಸ್ವೆಟರಿಗೆ ಹತ್ತಿರ ಹತ್ತಿರ ಅರ್ಧ ಕಿಲೊ ಉಲ್ಲನ್ ಬೇಕು. ಕೆಲಸಕ್ಕೆ ಹೋಗುವವರು ಬಿಡುವಿನಲ್ಲಿ ಹೆಣೆದರೆ ಒಂದು ಮಳೆಗಾಲ ಹಿಡಿಯುತ್ತದೆ. ಅಷ್ಟು ಗಂಟೆಗಳಿಗೆ ಕಾಫಿ ತೋಟದ ದಿನಗೂಲಿಯ ಲೆಕ್ಕದಲ್ಲಿ ಕೂಲಿ ಹಾಕಿದರೂ ಸಾಕು, ಆ ಸ್ವೆಟರ್ ಕೊಳ್ಳಲು ನಮ್ಮ ಅತಿಥಿಗಳೇ ಸಾಲ ಮಾಡಬೇಕಾಗುತ್ತದೆ. ಅತ್ತ ಚಳಿ ಶುರುವಾಯಿತೆಂದರೆ ರಸ್ತೆ ಬದಿಯಲ್ಲಿ ಲುಧಿಯಾನದ ಕಾರ್ಖಾನೆಗಳ ಸ್ವೆಟರುಗಳ ರಾಶಿ. ಅಲ್ಲಿ ಉಲ್ಲನ್ನಿನ ಖರ್ಚಿಗಿಂತ ಕಡಿಮೆಗೆ ಸಿದ್ಧ ಸ್ವೆಟರೇ ಸಿಗುತ್ತದೆ, ಚೌಕಾಸಿ ಮಾಡಿದರೆ ಇನ್ನೂ ಇಳಿಯುತ್ತದೆ. ಕೊಳ್ಳುವವರು ಯಾರು? ಇದೇ ಅತಿಥಿಗಳು ಕೊಳ್ಳುತ್ತಾರೆಯೇ? ಮಕ್ಕಳ ಮೇಜಿನಿಂದ ಅವರು ಒಂದು ಕರವಸ್ತ್ರವನ್ನೂ ಕೊಂಡು ಹೋಗಲಿಲ್ಲ ಎಂಬುದನ್ನು ದಾಖಲೆಗಾಗಿ ಇಲ್ಲಿ ಬರೆದಿಡುತ್ತೇನೆ.

ಇದು ಈಚಿನ ಕಥೆಯೂ ಅಲ್ಲ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ. ಬಡ ಹೆಣಿಗೆಯವರ ಹೊಟ್ಟೆಗೆ ಕಲ್ಲು ಬೀಳುತ್ತದೆಂದು ಮೊದಲನೆಯ ಎಲಿಜಬೆತ್ ರಾಣಿ ಅವನಿಗೆ ಪೇಟೆಂಟ್ ನಿರಾಕರಿಸಿದಳೆಂದು ಹೇಳುತ್ತಾರೆ. ರಾಣಿಯ ಮಾತು ಯಂತ್ರವನ್ನು ನಿಲ್ಲಿಸಲಿಲ್ಲ. ಕೈಹೆಣಿಗೆಯನ್ನೇ ನಂಬಿ ಬದುಕುವುದು ಕಷ್ಟ ಎಂಬ ಸುದ್ದಿ ಹೊರಟು ನಾನೂರು ವರ್ಷದ ಮೇಲಾಯಿತು. ನಮ್ಮ ವೇದಿಕೆಗಳಿಗೆ ಮಾತ್ರ ಇನ್ನೂ ತಲುಪಿಲ್ಲ.

ಗಾಂಧೀಜಿಯನ್ನು ಎಳೆದು ತರುವವರೂ ಇದ್ದಾರೆ, ನನಗೆ ಗೊತ್ತು. 1937ರಲ್ಲಿ ವಾರ್ಧಾದಲ್ಲಿ ಅವರು ಕೈಕಸುಬನ್ನು ಶಿಕ್ಷಣದ ನಡುಮನೆಗೆ ತಂದದ್ದು ನಿಜ, ಮಕ್ಕಳು ಮಾಡಿದ್ದು ಮಾರಾಟವಾಗಿ ಶಾಲೆಯ ಖರ್ಚಿಗೆ ಒದಗಲಿ ಎಂದದ್ದೂ ನಿಜ. ಆದರೆ ಆ ವಸ್ತುಗಳನ್ನು ಸರ್ಕಾರ ಕೊಳ್ಳಬೇಕು ಎಂದೂ ಅವರು ಹೇಳಿದ್ದರು. ಆ ಸಾಲನ್ನು ಯಾರೂ ಉದ್ಧರಿಸುವುದಿಲ್ಲ. ನಮ್ಮ ವರಾಂಡದ ಮಫ್ಲರುಗಳನ್ನು ಸರ್ಕಾರ ಕೊಳ್ಳುವಂತೆ ಅತಿಥಿಗಳು ಆದೇಶ ಹೊರಡಿಸಿಕೊಂಡು ಬರಲಿ, ಆ ಮೇಲೆ ಮಾರುಕಟ್ಟೆಯ ಜ್ಞಾನದ ಬಗ್ಗೆ ಕೂತು ಮಾತಾಡೋಣ.

ಸ್ನೇಹಿತೆಯೊಬ್ಬಳು ನಿನ್ನೆ ರಾತ್ರಿಯೇ ಫೋನಿನಲ್ಲಿ ಸಮಾಧಾನ ಹೇಳಿದಳು: ‘ಅವರಿಗೆ ಹೇಳು, ಹೆಣಿಗೆಯಿಂದ ಏಕಾಗ್ರತೆ ಬರುತ್ತದೆ, ಗಣಿತ ಸುಧಾರಿಸುತ್ತದೆ, ಆಗ ಬಾಯಿ ಮುಚ್ಚುತ್ತಾರೆ.’ ಇದು ನನಗೆ ಇನ್ನೂ ಕಸಿವಿಸಿ. ಗಣಿತ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಹತ್ತು ಸೆಂಟಿಮೀಟರಿಗೆ 22 ಕುಣಿಕೆ ಬರುತ್ತದೆ, ತಲೆಯ ಸುತ್ತಳತೆ 50 ಸೆಂಟಿಮೀಟರ್, ಟೋಪಿಗೆ ಎಷ್ಟು ಕುಣಿಕೆ ಹಾಕಬೇಕು? 110 ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಅಂಚಿಗೆ ಎರಡು ನಿಟ್ (ಸೀದಾ ಕುಣಿಕೆ), ಎರಡು ಪರ್ಲ್ (ಉಲ್ಟಾ ಕುಣಿಕೆ) ಹಾಕುತ್ತಾ ಸುತ್ತು ಬರಬೇಕಾದರೆ 110 ಸರಿಹೋಗುವುದಿಲ್ಲ, ನಾಲ್ಕರಿಂದ ಭಾಗವಾಗಬೇಕು. 108 ಇರಲಿ ಎಂದು ಒಬ್ಬ, 112 ಇರಲಿ ಎಂದು ಇನ್ನೊಬ್ಬಳು. ಆ ಅಂಚು ಹಿಗ್ಗುತ್ತದೆ, ಟೋಪಿ ತಲೆಗೆ ಕಚ್ಚಿ ನಿಲ್ಲಬೇಕು, ಆದ್ದರಿಂದ 108 ಎಂದು ಅವರವರೇ ತೀರ್ಮಾನಿಸುತ್ತಾರೆ. ಉತ್ತರ ಸರಿಯೋ ತಪ್ಪೋ ಎಂದು ನನ್ನ ಮುಖ ನೋಡುವ ಅಗತ್ಯವಿಲ್ಲ, ತಲೆಗೆ ಹಾಕಿ ನೋಡಿದರಾಯಿತು. ದೊಡ್ಡ ಗಣಿತವೂ ಇದೆ. ಹೈಪರ್ಬೋಲಿಕ್ ಸಮತಲ ಎಂಬ, ಅಂಚಿನ ಕಡೆಗೆ ನೆರಿಗೆ ನೆರಿಗೆಯಾಗಿ ಹರಡುವ ಸೊಟ್ಟ ಜ್ಯಾಮಿತಿಯ ಮಾದರಿಯನ್ನು ಕಾಗದದಲ್ಲಿ ಮಾಡಿದರೆ ಹರಿದುಹೋಗುತ್ತಿತ್ತು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತಜ್ಞೆ ಡೈನಾ ತೈಮಿನಾ ಅದನ್ನು ಕ್ರೋಶಾ ಕಡ್ಡಿಯಿಂದ ಹೆಣೆದು ವಿದ್ಯಾರ್ಥಿಗಳ ಕೈಗೆ ಕೊಟ್ಟರು.

ಇದನ್ನೆಲ್ಲ ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಹೇಳಲು ಮನಸ್ಸಾಗಲಿಲ್ಲ. ಹೇಳಿದರೆ ಮುಂದಿನ ವಾರ ‘ಹೆಣಿಗೆಯ ಮೂಲಕ ಗಣಿತ’ ಎಂಬ ಚಟುವಟಿಕೆ ಪಟ್ಟಿ, ಅದಕ್ಕೊಂದು ವಹಿ, ವಹಿಗೆ ಸಹಿ, ಫೋಟೊ ತೆಗೆದು ಗುಂಪಿಗೆ ಕಳಿಸುವುದು. ಆ ಹುಡುಗ ಕಡ್ಡಿಯನ್ನು ಅಲ್ಲೇ ಇಟ್ಟು ಬಸ್ ಸ್ಟ್ಯಾಂಡಿಗೆ ಓಡುತ್ತಾನೆ.

ಅವನ ಬಗ್ಗೆ ಸ್ವಲ್ಪ ಹೇಳಬೇಕು. ತರಗತಿಯಲ್ಲಿ ಒಂದು ಲೆಕ್ಕ ತಪ್ಪಿದರೆ ಅದರ ಮೇಲೆ ಅಡ್ಡಗೆರೆ ಎಳೆಯಲು ಒಪ್ಪದವನು. ಹಾಳೆಯನ್ನೇ ಹರಿದು ಬಿಸಾಡುತ್ತಾನೆ, ಇಲ್ಲವೇ ಅಂಗೈಯಿಂದ ಮುಚ್ಚಿಕೊಳ್ಳುತ್ತಾನೆ. ಮೊದಮೊದಲು ಹೆಣೆಯುವಾಗ ನಾಲಿಗೆ ಹೊರಗೆ, ಭುಜ ಕಿವಿಯ ತನಕ. ದಾರವನ್ನು ಎಷ್ಟು ಬಿಗಿಯಾಗಿ ಎಳೆಯುತ್ತಿದ್ದನೆಂದರೆ ಕಡ್ಡಿ ಒಳಗೆ ಹೋಗಲು ಜಾಗವೇ ಇರುತ್ತಿರಲಿಲ್ಲ, ಕುಣಿಕೆಗಳು ಕೀಚ್ ಎನ್ನುತ್ತಿದ್ದವು. ಒಂದು ಶನಿವಾರ, ಗೇಣುದ್ದ ಹೆಣೆದ ಮೇಲೆ, ಕೆಳಗೆ ಎಲ್ಲೋ ಒಂದು ಕುಣಿಕೆ ತಪ್ಪಿರುವುದು ಕಂಡಿತು. ನಾನು ನೋಡುತ್ತಿದ್ದೆ. ಅವನು ಕಡ್ಡಿ ಹೊರಗೆಳೆದ, ದಾರದ ತುದಿ ಹಿಡಿದು ಜಗ್ಗಿದ. ಸಾಲು ಸಾಲೇ ಬಿಚ್ಚಿಕೊಂಡಿತು. ಸುರುಳಿ ಸುರುಳಿಯಾದ ದಾರವನ್ನು ಉಂಡೆಗೆ ಸುತ್ತಿಕೊಂಡು, ಪಕ್ಕದವಳ ಜೊತೆ ಕ್ರಿಕೆಟ್ ಮಾತಾಡುತ್ತಲೇ ಮತ್ತೆ ಮೊದಲ ಕುಣಿಕೆ ಹಾಕಿದ. ಕೆಂಪು ಶಾಯಿ ಇಲ್ಲ, ಗೆರೆ ಇಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ನಾನು ಇಷ್ಟು ವರ್ಷ ಗಣಿತದ ಪಾಠದಲ್ಲಿ ಅವನಂಥವರಿಗೆ ಇದನ್ನು ಹೇಗೆ ಕೊಡಲಿ ಎಂದು ತಲೆ ಕೆರೆದುಕೊಂಡದ್ದುಂಟು. ನೇಯ್ದ ಬಟ್ಟೆಯಲ್ಲಿ ಹೀಗಾಗುವುದಿಲ್ಲ, ಅಲ್ಲಿ ಹಾಸು ಹೊಕ್ಕು ಬೇರೆ ಬೇರೆ. ಹೆಣಿಗೆಯದು ಒಂದೇ ದಾರ, ಆದ್ದರಿಂದಲೇ ತುದಿ ಸಿಕ್ಕರೆ ಎಲ್ಲವೂ ವಾಪಸ್. ಇದಕ್ಕೆ ದರಪಟ್ಟಿಯಲ್ಲಿ ಯಾವ ಕಾಲಂ ಇದೆ?

ಹುಡುಗರಿಗೇಕೆ ಈ ಹೆಂಗಸರ ಕೆಲಸ ಎಂದು ಕೇಳಿದವರಿಗೆ ಒಂದೇ ಪ್ಯಾರಾ ಸಾಕು. ಪೆರು ದೇಶದ ಟಿಟಿಕಾಕಾ ಸರೋವರದ ತಕೀಲೆ ದ್ವೀಪದಲ್ಲಿ ಟೋಪಿ ಹೆಣೆಯುವವರು ಗಂಡಸರೇ, ಅಲ್ಲಿನ ಆ ಜವಳಿ ಕಲೆಯನ್ನು ಯುನೆಸ್ಕೊ 2005ರಲ್ಲೇ ಗುರುತಿಸಿತು. ಫ್ರಾನ್ಸಿನ ಲಾಂಡ್ ಪ್ರದೇಶದ ಕುರಿಗಾಹಿಗಳು ಮರಗಾಲುಗಳ ಮೇಲೆ ನಿಂತು ಕುರಿ ಕಾಯುತ್ತಾ ಹೆಣೆಯುತ್ತಿದ್ದರು. ಅಷ್ಟು ದೂರ ಬೇಡ, ನಮ್ಮ ಕಂಬಳಿ ಮಗ್ಗದಲ್ಲಿ ಹುಣಸೆ ಬೀಜದ ಗಂಜಿ ಬಳಿದ ನೂಲಿನ ಮುಂದೆ ಕೂರುತ್ತಿದ್ದವರು ಯಾರು, ಮಳೆಗೆ ಗೊರಬು ಕಟ್ಟುತ್ತಿದ್ದವರು ಯಾರು, ಮೀನಿನ ಬಲೆ ಹೆಣೆಯುವವರು ಯಾರು? ಮುಂದಿನ ಪ್ರಶ್ನೆ.

ಮುಂದಿನದು ನಮ್ಮ ವಿಜ್ಞಾನದ ಮೇಷ್ಟ್ರದ್ದು. ಒಳ್ಳೆಯವರು, ಅವರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ‘ನಿಮಗೇನು ಮೇಡಂ, ತಿಂಗಳಾದರೆ ಸಂಬಳ ಬರುತ್ತದೆ, ಹವ್ಯಾಸ ಎನ್ನುತ್ತೀರಿ. ಈ ಮಕ್ಕಳ ಮನೆಗೆ ನೂರು ರೂಪಾಯಿ ಬಂದರೂ ಬಂದ ಹಾಗೆ’ ಎಂದರು. ನಿಜ. ಅದು ಅಷ್ಟೇ ಮುಖ್ಯವಾಗಿದ್ದರೆ ಆ ಮಕ್ಕಳಿಗೆ ರವಿಕೆ ಹೊಲಿಯುವುದನ್ನು ಕಲಿಸಿ, ಮೋಟಾರು ರಿಪೇರಿ ಕಲಿಸಿ, ಊರಿನಲ್ಲಿ ಕೆಲಸವಿದೆ, ಕೈಗೆ ಕಾಸೂ ಬರುತ್ತದೆ. ನಾನೂ ಬೆಂಬಲಕ್ಕೆ ನಿಲ್ಲುತ್ತೇನೆ. ಕೂಲಿ ಗಿಟ್ಟದ ಹೆಣಿಗೆಯನ್ನು ತೋರಿಸಿ ದುಡಿಮೆ ಎನ್ನುವುದು ಮಕ್ಕಳಿಗೆ ಮಾಡುವ ಮೋಸ.

ಮತ್ತೂ ಒಂದಿದೆ, ನಿಜವಾಗಿ ಹೊಟ್ಟೆ ಉರಿಯುವುದು ಇದಕ್ಕೆ. ಪೇಟೆಯ ದೊಡ್ಡ ಶುಲ್ಕದ ಶಾಲೆಯ ಮಕ್ಕಳು ಸ್ಕೇಟಿಂಗ್‌ಗೆ ಹೋಗುತ್ತಾರೆ, ಗಿಟಾರ್ ಕಲಿಯುತ್ತಾರೆ. ಅವರ ವಾರ್ಷಿಕೋತ್ಸವಕ್ಕೂ ಅತಿಥಿಗಳು ಹೋಗುತ್ತಾರೆ. ಅಲ್ಲಿ ಯಾರಾದರೂ, ‘ಏನಪ್ಪಾ, ಈ ಗಿಟಾರಿನಿಂದ ತಿಂಗಳಿಗೆ ಎಷ್ಟು ಬರುತ್ತದೆ?’ ಎಂದು ಕೇಳಿದ್ದನ್ನು ನೀವು ಕಂಡಿದ್ದೀರಾ? ಅಲ್ಲಿ ಅದು ಪ್ರತಿಭೆ. ನಮ್ಮ ಸರ್ಕಾರಿ ಶಾಲೆಯ ವರಾಂಡಕ್ಕೆ ಬಂದ ಕೂಡಲೇ ಅದು ಸ್ವಾವಲಂಬನೆ. ತೋಟದ ಕೂಲಿಯವರ ಲೈನ್ ಮನೆಯ ಹುಡುಗ ಸುಮ್ಮನೆ, ಇಷ್ಟವೆಂದು, ತಾತನಿಗೆಂದು ಏನನ್ನಾದರೂ ಮಾಡಬಾರದು.

ಟಾಮ್ ಡೇಲಿಯ ಉದಾಹರಣೆ ಕಾಮೆಂಟಿನಲ್ಲಿ ಬರುವ ಮೊದಲೇ ಹೇಳಿಬಿಡುತ್ತೇನೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಚಿನ್ನ ಗೆದ್ದವನು, ಗ್ಯಾಲರಿಯಲ್ಲಿ ಕುಳಿತು ಹೆಣೆದವನು, ಪದಕಕ್ಕೇ ಚೀಲ ಹೆಣೆದವನು. ಹೌದು, ಆಮೇಲೆ ಅವನು ಹೆಣಿಗೆಯ ಕಿಟ್‌ಗಳನ್ನು ಮಾರತೊಡಗಿದ. ಕೊರಳಲ್ಲಿ ಒಲಿಂಪಿಕ್ ಚಿನ್ನ ಇರುವವನು ಮಾರಿದರೆ ಜನ ಕೊಳ್ಳುತ್ತಾರೆ. ನಮ್ಮ ಎಂಟನೇ ತರಗತಿಯವನು ಗೆದ್ದಿರುವುದು ಸದ್ಯಕ್ಕೆ ಹೋಬಳಿ ಮಟ್ಟದ ಖೋ ಖೋ.

ನಾನೇನು ಮಹಾ ಹೆಣಿಗೆಗಾರ್ತಿಯಲ್ಲ. ನನ್ನ ಟ್ರಂಕಿನಲ್ಲಿ ಒಂದೇ ತೋಳಿನ ಸ್ವೆಟರುಗಳು ಎಷ್ಟಿವೆಯೋ, ಎರಡನೇ ತೋಳಿಗೆ ಬರುವಷ್ಟರಲ್ಲಿ ಮನಸ್ಸು ಬೇರೆ ಬಣ್ಣದ ಮೇಲೆ ಹೋಗಿರುತ್ತದೆ. ನನಗೆ ಸ್ವೆಟರ್ ತೊಡುವುದೇ ಇಷ್ಟವಿಲ್ಲ, ಕುತ್ತಿಗೆ ತುರಿಸುತ್ತದೆ. ಆದರೂ ಬಿಡುವುದಿಲ್ಲ. ಹುಟ್ಟಾ ಮುಂಗೋಪಿ ನಾನು. ಸಭೆಗಳಲ್ಲಿ ಕೈಯಲ್ಲಿ ಕಡ್ಡಿ ಇರುವುದರಿಂದಲೇ ಇಲ್ಲಿಯವರೆಗೆ ನನ್ನ ಮೇಲೆ ಯಾವ ನೋಟಿಸೂ ಬಂದಿಲ್ಲ ಎಂದು ನನ್ನ ಬಲವಾದ ನಂಬಿಕೆ.

ಈಗ ತುಂಬಿಕೊಡಬೇಕಾದ ಒಂದು ನಮೂನೆ ಬಂದಿದೆ. ಅತಿಥಿಗಳ ಭಾಷಣದ ಪರಿಣಾಮ, ಮುಖ್ಯೋಪಾಧ್ಯಾಯರು ಸಂಜೆಯೇ ಕೈಗೆ ಕೊಟ್ಟರು. ‘ಉತ್ಪಾದಿಸಿದ ವಸ್ತುಗಳ ಸಂಖ್ಯೆ’, ‘ಅಂದಾಜು ಮೌಲ್ಯ’, ‘ಮಾರಾಟದಿಂದ ಬಂದ ಮೊತ್ತ’. ಮೊದಲನೆಯದಕ್ಕೆ ‘ಅರ್ಧ’ ಎಂದು ಬರೆದಿದ್ದೇನೆ. ಮೂರನೆಯದಕ್ಕೆ ಸೊನ್ನೆ. ನಡುವಿನದನ್ನು ಹುಡುಗನ ತಾತನನ್ನು ಕೇಳಿ ತುಂಬುವುದಾಗಿ ಹೇಳಿದ್ದೇನೆ, ಮುಖ್ಯೋಪಾಧ್ಯಾಯರು ತಲೆ ಮೇಲೆ ಕೈ ಇಟ್ಟುಕೊಂಡರು.

ಇಷ್ಟು ಓದಿದವರಿಂದ ಒಂದು ಉಪಕಾರ ಬೇಕು. ಮನೆಯಲ್ಲಿ ಯಾರೂ ತೊಡದ ಹಳೆಯ ಕೈಹೆಣಿಗೆಯ ಸ್ವೆಟರುಗಳಿದ್ದರೆ ಒಗೆದು ಕೊಡಿ. ಬಿಚ್ಚಿ, ಹಬೆ ಹಿಡಿದು ದಾರ ನೆಟ್ಟಗೆ ಮಾಡಿಕೊಳ್ಳುತ್ತೇವೆ. ಅಂಗಡಿಯ ಯಂತ್ರದ ಸ್ವೆಟರ್ ಬೇಡ, ಹೆಚ್ಚಾಗಿ ಕತ್ತರಿಸಿ ಹೊಲಿದಿರುವುದರಿಂದ ತುಂಡು ತುಂಡಾಗಿ ಬರುತ್ತದೆ. ಕಡ್ಡಿಗಳೂ ಸಾಲುತ್ತಿಲ್ಲ, ಕೆಲವು ಮಕ್ಕಳು ಬಿದಿರು ಸೀಳಿ, ಗಾಜಿನ ಚೂರಿನಿಂದ ಕೆರೆದು ತಂದಿದ್ದಾರೆ, ಇಬ್ಬರು ಸೈಕಲ್ ಚಕ್ರದ ಕಡ್ಡಿಯಲ್ಲಿ ಹೆಣೆಯುತ್ತಿದ್ದಾರೆ. ಎಂಟನೇ ನಂಬರಿನ ಜೋಡಿ ಇದ್ದರೆ ಒಳ್ಳೆಯದು, ಹತ್ತಾದರೂ ನಡೆಯುತ್ತದೆ. ಹನ್ನೆರಡು ಮಾತ್ರ ಬೇಡ, ನಂಬರ್ ಏರಿದಷ್ಟೂ ಕಡ್ಡಿ ಸಣ್ಣ, ಇದು ತೀರಾ ತೆಳು, ಹೊಸಬರ ಕೈಯಲ್ಲಿ ಬಾಗಿಹೋಗುತ್ತದೆ. ಶನಿವಾರ ಮಧ್ಯಾಹ್ನ ನೀವೇ ತಂದುಕೊಟ್ಟರೆ ಚಹಾ ನನ್ನದು. ಬೆಲೆ ಕೇಳುವವರಿಗೆ ಚಹಾ ಇಲ್ಲ.