ಕಪ್ಪು ಉದ್ಯಮಿಗಳಿಗೆ ಬೇರೆಯೇ ಸಮಾವೇಶ ಏಕೆ ಬೇಕು?

ವ್ಯಾಪಾರಕ್ಕೂ ಬಣ್ಣ ಉಂಟೇ, ಕಪ್ಪು ಜನಾಂಗದ ಉದ್ಯಮಿಗಳಿಗೆಂದೇ ಪ್ರತ್ಯೇಕ ಸಮಾವೇಶ ಏಕೆ ಎಂದು ಕೇಳುವವರು ಅಮೆರಿಕದಲ್ಲೂ ಇದ್ದಾರೆ, ಅಲ್ಲಿನ ಸುದ್ದಿ ಓದುವ ನಮ್ಮವರಲ್ಲೂ ಇದ್ದಾರೆ. ಆ ಸಮಾವೇಶಗಳ ಚರಿತ್ರೆಯನ್ನು ಓದಿಕೊಂಡ ಮೇಲೆ, ಅವು ಇಂದಿಗೂ ಬೇಕೇ ಬೇಕು ಎಂಬ ನಿಲುವಿಗೆ ನಾನು ಬಂದಿದ್ದೇನೆ.

ಕಪ್ಪು ಜನರ ನಾಯಕ ಬುಕರ್ ಟಿ. ವಾಷಿಂಗ್ಟನ್ ಅವರು 1900ರಲ್ಲಿ ಬಾಸ್ಟನ್ ನಗರದಲ್ಲಿ ಕಪ್ಪು ವ್ಯಾಪಾರಿಗಳ ಸಂಘವಾದ ನ್ಯಾಷನಲ್ ನೀಗ್ರೋ ಬಿಸಿನೆಸ್ ಲೀಗ್ ಕಟ್ಟಿದಾಗ, ಗುಲಾಮಗಿರಿ ಕಾನೂನಿನಲ್ಲಿ ಅಳಿದು ಇನ್ನೂ ನಲವತ್ತು ವರ್ಷ ತುಂಬಿರಲಿಲ್ಲ. ಸಾಲಕ್ಕೂ ಸಗಟು ಸರಕಿಗೂ ಬಿಳಿಯರ ದಾಕ್ಷಿಣ್ಯವನ್ನೇ ಕಾಯಬೇಕಿದ್ದ ಅಂಗಡಿಕಾರರು ವರ್ಷಕ್ಕೊಮ್ಮೆ ಒಂದೆಡೆ ಸೇರಿ, ತಾವು ವ್ಯಾಪಾರ ಕಟ್ಟಿದ ಬಗೆಯನ್ನು ಎದ್ದು ನಿಂತು ಹೇಳಿಕೊಳ್ಳುತ್ತಿದ್ದರು.

1912ರಲ್ಲಿ ಅದೇ ಲೀಗಿನ ಶಿಕಾಗೋ ಸಮಾವೇಶದಲ್ಲಿ ನಡೆದದ್ದು ನನ್ನನ್ನು ಬಹಳ ಕಾಡುತ್ತದೆ. ಹತ್ತಿ ಹೊಲದ ಕೂಲಿಗಳ ಮಗಳಾಗಿ ಹುಟ್ಟಿ, ಏಳನೆಯ ವಯಸ್ಸಿಗೆ ತಬ್ಬಲಿಯಾಗಿ, ಕಂಡವರ ಬಟ್ಟೆ ಒಗೆದು ಮಗಳನ್ನು ಸಾಕಿ, ಮುಂದೆ ಕೂದಲಿನ ಆರೈಕೆಯ ಸಾಮಗ್ರಿ ತಯಾರಿಸುವ ಕಾರ್ಖಾನೆಯನ್ನೇ ಕಟ್ಟಿದ್ದ ಮೇಡಂ ಸಿ.ಜೆ. ವಾಕರ್ ಅಲ್ಲಿಗೆ ಬಂದಿದ್ದರು. ಅವರಿಗೆ ಮಾತಿನ ಅವಕಾಶ ಕೊಡಿ ಎಂದು ಪತ್ರಿಕೆಯೊಂದರ ಮಾಲೀಕರು ಸಭೆಯಲ್ಲೇ ಕೇಳಿದರೂ ವಾಷಿಂಗ್ಟನ್ ಕಿವಿಗೊಡಲಿಲ್ಲ. ಕೊನೆಗೆ ಆಕೆ ಕರೆಯಿಲ್ಲದೆಯೇ ಎದ್ದು, ನನ್ನ ಮುಖದ ಮೇಲೆ ಬಾಗಿಲು ಹಾಕಲಾರಿರಿ ಎಂದುಕೊಂಡಿದ್ದೇನೆ ಎಂದರು. ಹತ್ತಿ ಹೊಲದಿಂದ ಬಟ್ಟೆ ಒಗೆಯುವ ತೊಟ್ಟಿಗೆ, ಅಲ್ಲಿಂದ ಅಡುಗೆಮನೆಗೆ ತನಗೆ ಬಡ್ತಿ ಸಿಕ್ಕಿತೆಂದೂ, ಅಲ್ಲಿಂದ ಉದ್ಯಮಕ್ಕೆ ತಾನೇ ತನಗೆ ಬಡ್ತಿ ಕೊಟ್ಟುಕೊಂಡೆನೆಂದೂ, ಸ್ವಂತ ನೆಲದಲ್ಲಿ ಸ್ವಂತ ಕಾರ್ಖಾನೆ ಕಟ್ಟಿದ್ದೇನೆಂದೂ ಸಾರಿದರು. ಮರುವರ್ಷ ಅದೇ ಲೀಗ್ ಅವರನ್ನು ಭಾಷಣಕ್ಕೆ ಆಹ್ವಾನಿಸಿತು. ಹೊರಗಿನವರು ಹಾಕಿದ ಬಾಗಿಲಿಗೆ ನೊಂದವರೇ ಒಳಗೆ ಇನ್ನೊಂದು ಬಾಗಿಲು ಹಾಕಿದ್ದರು ಎಂಬುದನ್ನು ಇಂದಿನ ಸಂಘಟಕರು ಮರೆಯಬಾರದು.

1917ರಲ್ಲಿ ವಾಕರ್ ತಮ್ಮದೇ ಮಾರಾಟ ಪ್ರತಿನಿಧಿಗಳ ಸಮಾವೇಶವನ್ನು ಫಿಲಡೆಲ್ಫಿಯಾದಲ್ಲಿ ನಡೆಸಿದರು. ಇನ್ನೂರಕ್ಕೂ ಹೆಚ್ಚು ಮಹಿಳೆಯರು ಬಂದರು. ಹೆಚ್ಚು ಮಾರಿದವರಿಗೆ ಮಾತ್ರವಲ್ಲ, ದಾನಧರ್ಮಕ್ಕೆ ಹೆಚ್ಚು ಕೊಟ್ಟವರಿಗೂ ಬಹುಮಾನವಿತ್ತು. ಗುಂಪು ಕಟ್ಟಿ ಕಪ್ಪು ಜನರನ್ನು ಕೊಲ್ಲುವುದನ್ನು ತಡೆಯಲು ಕಾನೂನು ತನ್ನಿ ಎಂದು ಅಧ್ಯಕ್ಷ ವಿಲ್ಸನ್ ಅವರಿಗೆ ಅಲ್ಲಿಂದಲೇ ತಂತಿ ಹೋಯಿತು. ಜೀವಕ್ಕೇ ಭದ್ರತೆ ಇಲ್ಲದವರಿಗೆ ಅಂಗಡಿಯ ಭದ್ರತೆ ಎಲ್ಲಿಂದ ಬರಬೇಕು? ನಾಲ್ಕೇ ವರ್ಷಗಳಲ್ಲಿ, 1921ರಲ್ಲಿ, ಓಕ್ಲಹೋಮಾ ರಾಜ್ಯದ ಟಲ್ಸಾ ನಗರದ ಗ್ರೀನ್‌ವುಡ್ ಬಡಾವಣೆಯಲ್ಲಿ ಕಪ್ಪು ಜನರ ಅಂಗಡಿ, ಹೋಟೆಲು, ಮನೆಗಳನ್ನು ಬಿಳಿಯರ ಗುಂಪು ಸುಟ್ಟುಹಾಕಿತು. ದಂಗೆಯಲ್ಲಾದ ನಷ್ಟಕ್ಕೆ ಪರಿಹಾರವಿಲ್ಲವೆಂಬ ಷರತ್ತು ತೋರಿಸಿ ವಿಮಾ ಕಂಪನಿಗಳು ಕೈತೊಳೆದುಕೊಂಡವು.

ಇದೆಲ್ಲ ಹಳೆಯ ಕಥೆ ಎನ್ನುವವರು ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ಎಂಬ ಹೂಡಿಕೆ ಸಂಸ್ಥೆಯ ಪ್ರಕರಣವನ್ನು ನೋಡಬೇಕು. ಕಪ್ಪು ಮಹಿಳೆಯರು ನಡೆಸುವ ಸಣ್ಣ ಉದ್ಯಮಗಳಿಗೆ ಅದು ತಲಾ 20,000 ಡಾಲರ್ ಅನುದಾನ ಕೊಡುತ್ತಿತ್ತು. ಕಪ್ಪು ಮಹಿಳೆಯರಿಗೆ ಮಾತ್ರ ಕೊಡುವುದು ಜನಾಂಗ ತಾರತಮ್ಯ ಎಂದು 2023ರಲ್ಲಿ ಇದರ ಮೇಲೆ ದಾವೆ ಬಿತ್ತು, 2024ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ತಡೆ ನೀಡಿತು, ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಯೋಜನೆಯೇ ನಿಂತಿತು. ದಾವೆಗೆ ಆಧಾರವಾದದ್ದು 1866ರ ನಾಗರಿಕ ಹಕ್ಕು ಕಾಯ್ದೆ. ಬಿಡುಗಡೆ ಹೊಂದಿದ ಗುಲಾಮರಿಗೂ ಬಿಳಿಯರಂತೆಯೇ ಕರಾರು ಮಾಡಿಕೊಳ್ಳುವ ಹಕ್ಕು ಇರಲೆಂದು ತಂದ ಕಾನೂನು. ಅವರ ರಕ್ಷಣೆಗೆ ಬಂದದ್ದನ್ನು ಅವರ ವಂಶದವರಿಗೆ ಸಿಗುವ ನೆರವಿನ ವಿರುದ್ಧವೇ ಬಳಸಿದ್ದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಅನುದಾನದ ದಾರಿ ಹೀಗೆ ಕಿರಿದಾಗಿರುವಾಗ ಸಮಾವೇಶಗಳ ಹೊಣೆ ಹೆಚ್ಚಿದೆ. ಸನ್ಮಾನ, ಫಲಕ, ಫೋಟೋಗಳು ಇರಲಿ, ದುಡಿದವರಿಗೆ ಗೌರವ ಸಲ್ಲಬೇಕು. ಆದರೆ ಸಾಲ ಮಂಜೂರು ಮಾಡುವ ಅಧಿಕಾರ ಇರುವವರನ್ನೂ, ದೊಡ್ಡ ಕಂಪನಿಗಳ ಖರೀದಿ ವಿಭಾಗದವರನ್ನೂ ಕರೆಸಿ ಸಣ್ಣ ಉದ್ಯಮಿಗಳ ಎದುರು ಕೂರಿಸಬೇಕು. ಮರುವರ್ಷ ಅದೇ ವೇದಿಕೆಯಲ್ಲಿ, ಎಷ್ಟು ಮಂದಿಗೆ ಸಾಲ ಸಿಕ್ಕಿತು, ಎಷ್ಟು ಮಂದಿಗೆ ಆರ್ಡರ್ ಬಂತು ಎಂಬ ಲೆಕ್ಕವನ್ನು ಓದಿ ಹೇಳಬೇಕು.