ತಾರೀಖು ಹಿಂದಕ್ಕೆ ಹೋದರೆ ವೈರಸ್ ಅಲ್ಲ, ಮೊದಲು ಸೆಲ್ ನೋಡಿ

ಹಳೇ ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಹಿಂದಿನ ಯಾವುದೋ ತಾರೀಖು ತೋರಿಸಿದರೆ ವೈರಸ್ ಹೊಕ್ಕಿದೆ, ಮದರ್‌ಬೋರ್ಡೇ ಬದಲಿಸಬೇಕು ಅಂತ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಸುದ್ದಿ ಓಡಾಡುತ್ತಿದೆ. ಇದು ಸರಿಯಲ್ಲ. ಸುಮ್ನೆ ದುಡ್ಡು ಕಳೆಯಬೇಡಿ.

ಬೋರ್ಡ್ ಮೇಲೆ ನಾಣ್ಯದಂಥ ಸೆಲ್ ಇರುತ್ತದೆ, ಹೆಚ್ಚಾಗಿ 3 ವೋಲ್ಟಿನ ಸಿಆರ್2032. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಮುಗಿದರೆ ತಾರೀಖು ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದರೆ ವೆಬ್‌ಸೈಟ್‌ಗಳ ಸರ್ಟಿಫಿಕೇಟ್ (ಸೈಟ್ ಅಸಲಿ ಎನ್ನುವ ಡಿಜಿಟಲ್ ಗುರುತುಪತ್ರ) ಅವಧಿಗೆ ಹೊಂದುವುದಿಲ್ಲ, ಬ್ರೌಸರ್ 'ಸುರಕ್ಷಿತವಲ್ಲ' ಎನ್ನುತ್ತದೆ. ಜನ ವೈರಸ್ ಅಂದುಕೊಳ್ಳುವುದು ಇಲ್ಲೇ.

ಸೆಲ್ ತೆಗೆಯುವ ಮುಂಚೆ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಸಾಟಾ ಮೋಡ್, ಅಂದರೆ ಡಿಸ್ಕ್ ಜೊತೆ ಬೋರ್ಡ್ ಮಾತಾಡುವ ರೀತಿ, ಐಡಿಇಯೋ ಎಎಚ್‌ಸಿಐಯೋ ಬರೆದಿಟ್ಟುಕೊಳ್ಳಿ. ಸೆಲ್ ತೆಗೆದಾಗ ಅದು ಬದಲಾದರೆ ವಿಂಡೋಸ್ ಶುರುವಾಗದೇ ಇರಬಹುದು. ಪ್ಲಗ್ ಕಿತ್ತು ಪಕ್ಕದ ಕ್ಲಿಪ್ ಒತ್ತಿ, ಸೆಲ್ ಎದ್ದು ಬರುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಕಾಣುವಂತೆ ಕೂರಿಸಿ, ಬಯೋಸ್‌ನಲ್ಲಿ ತಾರೀಖು ಸರಿಪಡಿಸಿ, ಮೋಡ್ ಬದಲಾಗಿದ್ದರೆ ಬರೆದಿಟ್ಟದ್ದಕ್ಕೇ ಇಡಿ. ಆಮೇಲೂ ಹಿಂದಕ್ಕೆ ಹೋದರೆ ಮಾತ್ರ ಬೋರ್ಡ್ ರಿಪೇರಿಯವರಿಗೆ ತೋರಿಸಿ.